ಕೊರಳಿನೊಳಗಿನ ಬಿಳಿ ಚುಕ್ಕೆ

ಮೊನ್ನೆ ಕೆಲಸದ ಮೇಜಿನ ಡ್ರಾಯರ್ ಎಳೆದಾಗ ಅರಿಶಿನದ ವಾಸನೆ ಬಂತು. ಮೂಲೆಯಲ್ಲಿ ಅರಿಶಿನದ ಕೊಂಬು ಕಟ್ಟಿದ ನಾಲ್ಕು ದಾರಗಳಿದ್ದವು. ಎಂ.ಆರ್.ಐ. ಕೋಣೆಯೊಳಗೆ ಚಿನ್ನದ ಸರ ಹಾಕಿಕೊಂಡು ಹೋಗುವಂತಿಲ್ಲ. ತಾಳಿ ಬಿಚ್ಚಿ ಬರಿಗೊರಳಲ್ಲಿ ಇರಲು ಒಪ್ಪದ ಹೆಂಗಸರಿಗಾಗಿ ನಮ್ಮ ಹಿರಿಯ ಟೆಕ್ನಿಷಿಯನ್ ಗಾಂಧಿಬಜಾರಿನಿಂದ ಕೊಂಬು ತಂದು ತಾವೇ ಕಟ್ಟಿಡುತ್ತಿದ್ದರು. ನಾವೆಲ್ಲ ಅವರನ್ನು ಮೇಷ್ಟ್ರೇ ಎನ್ನುತ್ತಿದ್ದೆವು.

ಬಸವನಗುಡಿಯ ನಮ್ಮ ನೆಲಮಾಳಿಗೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ನನಗೆ ಕೆಲಸ ಕಲಿಸಿದವರು ಅವರೇ. ಕುತ್ತಿಗೆಯ ಸ್ಕ್ಯಾನ್ ಎಂದರೆ ಅವರಿಗೆ ಹೆಮ್ಮೆ. ಚಿತ್ರ ಸ್ಪಷ್ಟವಾಗಲೆಂದು ನರಕ್ಕೆ ಡೈ ಕೊಟ್ಟ ಮೇಲೆ ಐದು ನಿಮಿಷ ರೋಗಿ ಉಗುಳು ನುಂಗಬಾರದು, ನುಂಗಿದರೆ ಗಂಟಲಿನ ಚಿತ್ರ ಮಬ್ಬಾಗುತ್ತದೆ. ಮೇಷ್ಟ್ರು ಗಾಜಿನ ಈಚೆ ಕೂತು ತಾವೂ ನುಂಗುತ್ತಿರಲಿಲ್ಲ. ಅಷ್ಟು ಹೊತ್ತೂ ಅವರ ಗಂಟಲಮಣಿ ಅಲುಗದೆ ನಿಂತಿರುವುದನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು...

ಆಮೇಲೆ ಅರೆ ನಿಮಿಷದಲ್ಲಿ ಮುಗಿಯುವ ಹೊಸ ಸೀಕ್ವೆನ್ಸ್, ಅಂದರೆ ಚಿತ್ರ ತೆಗೆಯುವ ಹೊಸ ಕ್ರಮ, ಬಂತು. ಅದು ರಕ್ತನಾಳಗಳನ್ನೂ ಬೆಳ್ಳಗೆ ಬೆಳಗಿಸಿ ಮೋಸ ಮಾಡುತ್ತದೆ ಎಂದು ಅವರ ದೂರು. ಹೊಸ ವೈದ್ಯನಿಗಿಂತ ಹಳೇ ರೋಗಿಯೇ ವಾಸಿ ಎಂದು ನಗುತ್ತಿದ್ದರು.

ಆಗಲೇ ಅವರಿಗೆ ಕಿವಿ ನೋವು ಶುರುವಾಯಿತು, ಏನು ಮಾಡಿದರೂ ಹೋಗಲಿಲ್ಲ. ಗಂಟಲಿನ ತೊಂದರೆಯೂ ಕಿವಿಯಲ್ಲಿ ನೋಯಬಹುದೆಂದು ಡಾಕ್ಟರು ಕುತ್ತಿಗೆಯ ಸ್ಕ್ಯಾನ್ ಬರೆದರು. ಹೇಗೂ ಡೈ ಕೊಡುತ್ತೇವಲ್ಲ, ಹಳೆಯ ಕ್ರಮದಲ್ಲೂ ಹೊಸ ಕ್ರಮದಲ್ಲೂ ತೆಗೆದು ಹೋಲಿಸೋಣ ಎಂದು ಅವರೇ ಹೇಳಿ ಒಳಗೆ ಹೋಗಿ ಮಲಗಿದರು. ಹಳೆಯದರಲ್ಲಿ ಧ್ವನಿಪೆಟ್ಟಿಗೆಯ ಹತ್ತಿರ ಮಬ್ಬಾಗಿತ್ತು. ಮೇಷ್ಟ್ರು ನುಂಗಿದ್ದರು. ಹೊಸದರಲ್ಲಿ ಅದೇ ಜಾಗದಲ್ಲಿ ಒಂದು ಬಿಳಿ ಚುಕ್ಕೆ ಸ್ಪಷ್ಟವಾಗಿತ್ತು.

ಹೊರಗೆ ಬಂದು ಹಳೆಯದನ್ನು ನೋಡಿ ಅವರ ಮುಖ ಸಣ್ಣದಾಯಿತು. ಹೊಸದರ ಕಡೆ ನೋಡದೆಯೇ, ಸಾಕು, ಹೊಸದನ್ನ ಅಳಿಸ್ಬಿಡಯ್ಯ ಎಂದರು. ಪ್ರಯೋಗಕ್ಕೆ ತೆಗೆದ ಚಿತ್ರಗಳನ್ನು ಡಾಕ್ಟರಿಗೆ ಕಳಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಚುಕ್ಕೆಯ ಮಾತೆತ್ತಿದರೆ ರಕ್ತನಾಳ ಯಾವುದು ಅಂತಲೂ ಗೊತ್ತಿಲ್ಲವೇ ಎಂದು ಬೈದಾರೆಂದು ಹೆದರಿ ನಾನು ಅಳಿಸಿದೆ. ಮಬ್ಬಿನಲ್ಲಿ ಡಾಕ್ಟರಿಗೂ ಏನೂ ಕಾಣಲಿಲ್ಲ.

ವರ್ಷ ತುಂಬುವುದರೊಳಗೆ ಕ್ಯಾನ್ಸರ್ ಎಂದು ಗೊತ್ತಾಗಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಪರೇಷನ್ ಆದ ಮೇಲೆ ಒಂದು ಮಧ್ಯಾಹ್ನ ಕೊರಳಿಗೆ ಬಟ್ಟೆ ಸುತ್ತಿಕೊಂಡು ಸೆಂಟರಿಗೆ ಬಂದರು. ಒಳಗೆ ರೋಗಿಯೊಬ್ಬರು ಮಲಗಿದ್ದರು. ಮೇಷ್ಟ್ರು ಹಿಂದೆಂದೋ ರೆಕಾರ್ಡ್ ಮಾಡಿಕೊಟ್ಟಿದ್ದ ಸೂಚನೆ ಸ್ಪೀಕರಿನಲ್ಲಿ ಕೇಳಿಸಿತು.

"ಉಗುಳು ನುಂಗ್ಬೇಡಿ... ಹಾಗೇ ಇರಿ."

ಅವರು ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತಿದ್ದರು, ಅವರ ದನಿ ಗೋಡೆಯಿಂದ ಬರುತ್ತಿತ್ತು. ಸ್ಕ್ಯಾನ್ ಮುಗಿಯುವವರೆಗೂ ಕುರ್ಚಿ ಹಿಡಿದು ನಿಂತಿದ್ದವರು, ಆಮೇಲೆ ಒಂದು ಚೀಟಿಯಲ್ಲಿ ಬರೆದರು: ಅವತ್ತು ಹೊಸದರಲ್ಲಿ ಏನಾದರೂ ಕಂಡಿತ್ತಾ?

"ಏನೂ ಇರ್ಲಿಲ್ಲ ಮೇಷ್ಟ್ರೇ," ಎಂದೆ.

ಅವರು ನನ್ನ ಬೆನ್ನು ತಟ್ಟಿ ಮೆಟ್ಟಿಲು ಹತ್ತಿ ಹೋದರು. ಮತ್ತೆ ಬರಲಿಲ್ಲ...

ಅವರು ತೀರಿಕೊಂಡು ಮೂರು ವರ್ಷವಾಯಿತು. ಈಗ ಎಲ್ಲರಿಗೂ ಹೊಸ ಸೀಕ್ವೆನ್ಸೇ. ಸೂಚನೆಗೆ ಬೇರೆ ದನಿ ಹಾಕೋಣ ಎಂದು ಜೊತೆಯವರು ಹೇಳುತ್ತಲೇ ಇದ್ದಾರೆ, ನಾನು ಒಪ್ಪಿಲ್ಲ. ಇಂದು ಬೆಳಿಗ್ಗೆಯೂ ಆ ದನಿ ಹಾಗೇ ಇರಿ ಎಂದಿತು. ಚುಕ್ಕೆ ಇತ್ತು ಮೇಷ್ಟ್ರೇ, ಎಂದೆ. ಗಾಜಿನಾಚೆ ಮಲಗಿದ್ದದ್ದು ಬೇರೆ ಯಾರೋ.