ಹುಂಜ ತಿಂದ ಭತ್ತ

ಅರಳಸುರಳಿಯ ಕೆರಿಯಮ್ಮ ಕೋಳಿಗೆ ಹಾಕುವ ಭತ್ತವನ್ನೂ ಸೇರಿನಲ್ಲಿ ಅಳೆಯುವ ಹೆಂಗಸು. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಅಕ್ಕಿಗೆ ತತ್ವಾರ ಬಂದಾಗ, ವಾರಕ್ಕೊಂದು ದಿನ ಅನ್ನ ಬಿಡಿ ಎಂದು ಮನೆಮನೆಗೂ ಹೇಳುತ್ತ ಬಂದ ಗ್ರಾಮಸೇವಕರಿಗೆ ಅವಳು ಹುಂಜದ ಸಾರು, ಕಡುಬು ಮಾಡಿ ಬಡಿಸಿದಳು. ಅವರು ಕಡುಬನ್ನು ಪಕ್ಕಕ್ಕೆ ತಳ್ಳಿದರು.

"ಇವತ್ತು ಅಕ್ಕೀದು ಮುಟ್ಟಲ್ಲಮ್ಮ. ಸಾರೇ ಸಾಕು" ಎಂದು ಹುಂಜವನ್ನು ಒಬ್ಬರೇ ಮುಗಿಸುತ್ತ ಬಂದರು.

ಕೆರಿಯಮ್ಮನಿಗೆ ನಗು ತಡೆಯಲಾಗಲಿಲ್ಲ.

"ಸ್ವಾಮಿ, ಈ ಹುಂಜ ನನ್ನ ಕೈಯಿಂದ ಇಪ್ಪತ್ತು ಸೇರು ಭತ್ತ ತಿಂದಿತ್ತು. ಹತ್ತರಲ್ಲಿ ಒಂಬತ್ತು ಪಾಲು ಹಿತ್ತಲೆಲ್ಲ ಓಡಾಡಿ, ಕೂಗಿ ಕರಗಿಸ್ತು. ಮಿಕ್ಕಿದ್ದಷ್ಟೇ ನಿಮ್ಮ ಎಲೆಗೆ ಬಂತು. ಕಡುಬಲ್ಲೇ ಹೊಟ್ಟೆ ತುಂಬಿಸ್ಕೊಂಡಿದ್ರೆ ಒಂದು ಸೇರೂ ಬೇಕಾಗ್ತಿರ್ಲಿಲ್ಲ!"

ಗ್ರಾಮಸೇವಕರು ಚೀಪುತ್ತಿದ್ದ ಮೂಳೆಯನ್ನು ಎಲೆಯಂಚಿಗಿಟ್ಟು, ಕಡುಬನ್ನು ಮೆಲ್ಲಗೆ ಹತ್ತಿರಕ್ಕೆಳೆದುಕೊಂಡರು.