ದೇವರ ಸುದ್ದಿ ಹೇಳಾಕ ಹೋಗಿ

ವಿಶಾಖಪಟ್ಟಣದಾಗ ರೈಲು ಹತ್ತಿದಾಗಿಂದ ಪಕ್ಕದ ಸೀಟಿನ ತೆಲುಗು ಹೆಂಗಸಿಗೆ ನಮ್ಮ ಎಂವಿಪಿ ಕಾಲೋನಿ ಸುದ್ದಿ ಹೇಳಾಕತ್ತಿದ್ದೆ. ನನ್ನ ತೆಲುಗು ಹರಕುಮುರುಕು, ಆದ್ರ ಮಂದಿ ಸುದ್ದಿ ಹೇಳಾಕ ಅಷ್ಟ ಸಾಕು. ಎದುರುಮನಿಯಾಕಿ ಗಂಡನ್ನ ಬಿಟ್ಟು ತವರಿಗೆ ಯಾಕ ಹೋದ್ಲು ಅಂತ ಹೇಳಿದ್ರ, “ಆಕೀನ ಕೇಳಿದ್ರೇನಮ್ಮಾ?” ಅಂದ್ಲು ಈ ಹೆಂಗಸು.

“ಕೇಳೋದೇನ್ ಬಂತು? ಎಲ್ಲಾರೂ ಅಂತಾರ,” ಅಂದೆ.

ಆಮ್ಯಾಲ ಮಕ್ಕಳೆಷ್ಟು ಅಂತ ಕೇಳಿದೆ. ಒಬ್ಬಾಕೀನ ಮಗಳಿದ್ಲಂತ, ಹೋದ ತಿಂಗಳು ಜ್ವರ ಬಂದು ತೀರಿಕೊಂಡ್ಲಂತ. ನನ್ನ ಬಾಯಿ ಸುಮ್ನಿರಬೇಕಲ್ಲ? “ಒಳ್ಳೇವ್ರನ್ನ ದೇವರು ಬೇಗ ಕರಕೋತಾನಮ್ಮಾ. ಏನೋ ಒಳ್ಳೇದಕ್ಕ ಮಾಡಿರ್ತಾನ,” ಅಂದುಬಿಟ್ಟೆ.

ಆಕಿ ಸಿಟ್ಟಾಗಲಿಲ್ಲ. ನನ್ನ ಮಾರಿ ನೋಡಿ, “ದೇವರನ್ನ ಕೇಳಿದ್ರೇನಮ್ಮಾ? ಇಲ್ಲಾ, ಇದನ್ನೂ ಎಲ್ಲಾರೂ ಅಂತಾರೋ?” ಅಂದ್ಲು.

ನೆಲ ಬಾಯಿ ಬಿಟ್ಟಿದ್ರ ಒಳಗ ಹೋಗ್ತಿದ್ದೆ. ಎದುರುಮನಿಯಾಕಿ ಮನಸ್ಸಿನಾಗ ಏನೈತಿ ಅನ್ನೋದ ತಿಳೀದ ನಾನು, ದೇವರ ಮನಸ್ಸಿನಾಗಿಂದು ಹೇಳಾಕ ಹೋಗಿದ್ದೆ. ಅದೂ ಮಗಳನ್ನ ಕಳಕೊಂಡಾಕಿ ಮುಂದ. ವಿಜಯವಾಡದಾಗ ಇಳಿಯೋವಾಗ ಬಾಯಿಗೆ ಬಂದ “ಹೋಗಿ ಬರ್ತೀನಿ” ಅನ್ನೋ ಮಾತನ್ನ ನುಂಗಿಕೊಂಡೆ. ಸಾವಾದ ಮನಿಯವರಿಗೆ ಹಂಗನ್ನಬಾರದು.

ಅದ ಊರಾಗ ಗವರ್ನರ್‌ಪೇಟೆಯಾಗಿರೋ ನಾದಿನಿ ಮನಿಗೆ ಹೋದ್ರ, ಆಕಿ, “ಯಾಕ ವೈನಿ, ಇಷ್ಟು ಸುಮ್ಮನ ಕುಂತೀರಿ? ಹಲ್ಲು ನೋವೇನು?” ಅಂದ್ಲು. ಹೂಂ ಅಂದೆ. ಲವಂಗ ತಂದುಕೊಟ್ಲು. ದೇವರ ಬಗ್ಗೆ ಸುಳ್ಳು ಹೇಳೋದಕ್ಕಿಂತ ಹಲ್ಲಿನ ಬಗ್ಗೆ ಹೇಳೋದು ವಾಸಿ ಅಂತ ಆ ಲವಂಗ ಕಡಕೋತ ಕುಂತೆ.