ಬೆನ್ನಿನ ಕೆಂಪು ಗುರುತು

ನಮ್ಮ ಪಕ್ಕದ ಮನೆಯ ತಾತ ಕುರಿ ಸಾಕಿದವನು. "ಒಂದೂ ತಪ್ಪಿಸ್ಕಬಾರ್ದು ಕಣ್ಲಾ" ಅನ್ನುವುದು ಅವನ ದಿನದ ಮಾತು. ಕುರಿಗಳಿಗೆ ಸೂಜಿ ಹಾಕಿಸುವಾಗ, ಆದ ಕುರಿಯ ಬೆನ್ನಿಗೆ ಕೆಂಪು ಬಣ್ಣ ಬಳಿಯುತ್ತಿದ್ದ. ಗುರುತಿಲ್ಲದ ಕುರಿ ಮತ್ತೆ ಸಾಲಿಗೆ ಹೋಗಬೇಕು.

ಕೊರೊನಾ ಮತ್ತೆ ಜೋರಾದ ಬೇಸಿಗೆ ಅದು. ಶಿರಾದ ಆಸ್ಪತ್ರೆಗೆ ಹೋದರೂ ಬೆಡ್ ಸಿಗುವ ನಂಬಿಕೆ ಇರಲಿಲ್ಲ. ತಾತನಿಗೆ ಉಬ್ಬಸ ಬೇರೆ. ಅವನ ಹೆಂಡತಿ ಅಜ್ಜಿಗೆ ಅದೇ ಭಯ.

ಊರಿನ ಶಾಲೆಯಲ್ಲಿ ಲಸಿಕೆ ಹಾಕಿದ ದಿನ ತಾತ ಮನೆಮಂದಿಯನ್ನೆಲ್ಲ ಅಟ್ಟಿಕೊಂಡು ಬಂದ. ನನ್ನನ್ನೂ ಬಿಡಲಿಲ್ಲ. ಸೂಜಿ ಆದವರ ಬೆನ್ನಿಗೆಲ್ಲ ಬಣ್ಣ ಬಳಿದ. ನನ್ನ ಹೊಸ ಶರ್ಟು ಹಾಳಾಯಿತು.

ಕೊನೆಗೆ ನರ್ಸಮ್ಮ ಕೇಳಿದರು, "ತಾತ, ನಿಮ್ದು ಆಯ್ತಾ?"

"ಆಗ್ಲೇ ಆಯ್ತು ಕಣಮ್ಮ, ನೋಡು" ಎಂದು ತಾತ ತನ್ನ ಎದೆಯ ಮೇಲಿನ ಕೆಂಪು ಗುರುತು ತೋರಿಸಿದ.

ಅಜ್ಜಿ ಎದ್ದು ಬಂದಳು. "ನಮ್ಗೆಲ್ಲ ಬೆನ್ನಾಗೈತೆ, ನಿಂಗ್ಯಾಕಯ್ಯ ಎದೆ ಮ್ಯಾಲೈತೆ? ನಿನ್ ಬೆನ್ಗೆ ನಿನ್ ಕೈ ಎಟುಕ್ನಿಲ್ವಾ? ಉಬ್ಬಸ ಇರೋನು ನೀನೇ ಅಲ್ವಾ?"

ತಾತ ಬಾಗಿಲ ಕಡೆ ನೋಡಿದ. ಅಜ್ಜಿ ಅಡ್ಡ ನಿಂತು ನನ್ನನ್ನು ಕೂಗಿದಳು, "ಹಿಡ್ಕಳ್ಲಾ ಅವನ್ನ! ಒಂದೂ ತಪ್ಪಿಸ್ಕಬಾರ್ದು!"

ಸೂಜಿ ಆದಮೇಲೆ ಅವನ ಬೆನ್ನಿಗೆ ಬಣ್ಣ ಬಳಿದವಳು ಅಜ್ಜಿಯೇ. ಎರಡು ಸಲ ಬಳಿದಳು.